ಬಂಕಿನಲ್ಲೇ ಡೀಸೆಲ್ ಖಾಲಿ
ಸ್ನೇಹಿತರೇ, ಪೆಟ್ರೋಲಿಗೆ ಮುಂದೇನು ಗತಿ ಎಂದು ಚಿಂತಿಸುವವರು ಇದನ್ನು ಓದಿ.

ಇವತ್ತು ಬೆಳಿಗ್ಗೆ ಟೈರಿಗೆ ಗಾಳಿ ಹಾಕಿಸಲು ಶೆಟ್ಟಿಕೊಪ್ಪ ದಾರಿಯ ಪೆಟ್ರೋಲ್ ಬಂಕಿಗೆ ಹೋದೆ. ನನ್ನದು ಕರೆಂಟ್ ಸ್ಕೂಟರ್. ಬಂಕ್ ಮಾಲೀಕ ಸುಬ್ಬಣ್ಣನವರಿಗೆ ಅದನ್ನು ಕಂಡರೆ ತಮಾಷೆ. "ಬಂದ್ಯಾ ಪುಕ್ಕಟೆ ಗಾಳಿ ಗಿರಾಕಿ! ನನ್ನ ಮೊಮ್ಮಕ್ಕಳ ಕಾಲಕ್ಕೂ ಪೆಟ್ರೋಲೇ ಮಾರಾಯ, ಬರೆದಿಟ್ಕೋ" ಎನ್ನುತ್ತಿರುತ್ತಾರೆ.

ಇವತ್ತು ಆ ಮಾತೇ ಇಲ್ಲ. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತು. ಕರೆಂಟ್ ಇಲ್ಲದೆ ನೆಲದೊಳಗಿನ ಟ್ಯಾಂಕಿನಿಂದ ಪೆಟ್ರೋಲ್ ಮೇಲೆ ಬರುವುದಿಲ್ಲ. ಜನರೇಟರ್ ಇದೆ, ಅದಕ್ಕೆ ಡೀಸೆಲ್ ಹಾಕಿಡುವುದನ್ನೇ ಮರೆತಿದ್ದಾರೆ. ಕಾಲ ಕೆಳಗೆ ಟ್ಯಾಂಕ್ ತುಂಬಾ ಡೀಸೆಲ್, ಎತ್ತುವುದಕ್ಕೆ ಕರೆಂಟ್ ಬೇಕು! ಕಾಯುತ್ತಿದ್ದ ಬೈಕುಗಳೆಲ್ಲ ಪೆಟ್ರೋಲ್ ಮುಗಿದು ತಳ್ಳಿಕೊಂಡು ತಂದಂಥವು.

ಸುಬ್ಬಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ತೋಟದ ಟಿಲ್ಲರಿಗೆ ಅಂತ ಮೊನ್ನೆ ಕ್ಯಾನಲ್ಲಿ ಡೀಸೆಲ್ ತಗೊಂಡು ಹೋಗಿದ್ಯಲ್ಲ ಮಾರಾಯ, ಉಳಿದಿದ್ರೆ ಸ್ವಲ್ಪ ತಂದ್ಕೊಡು."

ನಮ್ಮ ಕಡೆ ತೋಟ ಇರುವವರ ಮನೆಯಲ್ಲಿ ಒಂದು ಕ್ಯಾನ್ ಇದ್ದೇ ಇರುತ್ತದೆ. ಮನೆಗೆ ಹೋಗಿ ಅದನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬಂದು, ಬಂಕಿಗೆ ಅವರದ್ದೇ ಡೀಸೆಲ್ ಸಪ್ಲೈ ಮಾಡಿದೆ. ಜನರೇಟರ್ ಗುಡುಗಿತು. ಬೈಕಿನವರು ನನಗೆ ಚಪ್ಪಾಳೆ ಹೊಡೆದರು.

ನನ್ನ ಟೈರಿಗೆ ಸುಬ್ಬಣ್ಣ ತಾವೇ ಗಾಳಿ ಹಾಕಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಆದ್ರೂ ಪೆಟ್ರೋಲ್ ಕಾಲ ಮುಗಿಯಲ್ಲ ಮಾರಾಯ" ಎಂದರು.

"ಮುಗಿಯಲ್ಲ ಬಿಡಿ ಸುಬ್ಬಣ್ಣ. ಇನ್ನೊಂದ್ಸಲ ಹಿಂಗಾದ್ರೆ ಫೋನ್ ಮಾಡಿ, ಸ್ಕೂಟರ್ ಚಾರ್ಜ್ ಮಾಡಿಟ್ಟಿರ್ತೀನಿ" ಎಂದೆ.