ಜೋಪಾನದ ಹೆಸರು

ಕರ್ಪೂರದ ವಾಸನೆ ಬಂದರೆ ಉಳಿದವರಿಗೆ ದೇವರು ನೆನಪಾಗುತ್ತಾನೆ, ನನಗೆ ಒಂದು ಗೊಂಬೆ. ನಿಜಾಮರ ಕಾಲ. ಗುಂಜೋಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಉಮರ್ಗಾದ ಬಳೆಗಾರ ಚಾಚಾ ಗಂಟು ಬಿಚ್ಚಿದಾಗ, ಬಳೆಗಳ ನಡುವಿನಿಂದ ಅದು ಹೊರಬಂದಿತ್ತು. ಕರಿಯ ತುರುಬು, ಅಕ್ಕಿಕಾಳಿನಷ್ಟು ಬಾಯಿ, ಊದಿದರೆ ಹಾರುವಷ್ಟು ಹಗುರ. ಕರ್ಪೂರ ಬೆರೆಸಿ ಮಾಡುವ ಸೆಲ್ಯುಲಾಯ್ಡ್ ಗೊಂಬೆ, ಮೂಗಿಗೆ ಹಿಡಿದರೆ ಮೈಯೆಲ್ಲ ಕರ್ಪೂರ. ಅಕ್ಕಂದಿರು ಮೂವರೂ ಬಳೆ ಇಡಿಸಿಕೊಂಡರು. ನಾಲ್ಕನೆಯವಳು ನಾನು. ಚಾಚಾ ನನ್ನ ಕೈ ಹಿಡಿದು ಹೆಸರು ಕೇಳಿದ. ನಾನು ತುಟಿ ಬಿಚ್ಚಲಿಲ್ಲ.

ಬಿಚ್ಚುವುದಾದರೂ ಹೇಗೆ? ನಾನು ಹುಟ್ಟಿದಾಗ ಅಜ್ಜಿ ಸೂಲಗಿತ್ತಿಗೆ, "ಹೆಣ್ಣು ಇನ್ನ ಸಾಕವ್ವಾ" ಅಂದಿದ್ದಳಂತೆ. ಅದೇ ಮಾತು ತೊಟ್ಟಿಲಲ್ಲಿ ನನ್ನ ಹೆಸರಾಯಿತು, ಸಾಕವ್ವ. ನಿಮ್ಮ ಕಡೆಯಲ್ಲೂ ಇಂಥ ಹೆಸರಿನವಳೊಬ್ಬಳು ಇದ್ದೇ ಇದ್ದಾಳು. ಮುಂದೆ ತಮ್ಮ ಹುಟ್ಟಿದ್ದೇ ತಡ, ಹೆಸರು ಫಲ ಕೊಟ್ಟಿತೆಂದು ಓಣಿಯೆಲ್ಲ ಕೊಂಡಾಡಿತು. ಕೊಂಡಾಡಿದ್ದು ನನ್ನನ್ನಲ್ಲ ಎಂದು ತಿಳಿಯುವಷ್ಟು ಬುದ್ಧಿ ನನಗೆ ಆರು ವರ್ಷಕ್ಕೇ ಬಂದಿತ್ತು. ಬೇಡವಾಗಿ ಬಂದವಳೇ ನಾನು? ಅವ್ವನನ್ನು ಕೇಳಲು ಧೈರ್ಯವಿರಲಿಲ್ಲ. ಹೌದು ಅಂದುಬಿಟ್ಟರೆ?

ದೊಡ್ಡಕ್ಕ ಕಿಸಕ್ಕನೆ ನಕ್ಕು ಹೇಳಿಯೇಬಿಟ್ಟಳು: "ಆಕಿ ಹೆಸರ ಸಾಕವ್ವ ರೀ ಚಾಚಾ." ಚಾಚಾ ನಗಲಿಲ್ಲ. ಮುಂಬಯಿಯಲ್ಲಿ ಜಪಾನಿ ಸಾಹೇಬನೊಬ್ಬನ ದುಕಾನಿನಲ್ಲಿ ದುಡಿದು ಬಂದವನು ಅವನು, ಗೊಂಬೆಯೂ ಅಲ್ಲಿಯದೇ. "ನಮ್ಮ ಸಾಹೇಬನ ಮಗಳ ಹೆಸರೂ ಸಾಕು ಅಂತಿತ್ತು, ಬೇಟಿ. ಅವರ ಮಾತಿನ್ಯಾಗ ಹೂ ಅರಳೂದಕ್ಕ ಹಂಗ ಅಂತಾರ. ಜಪಾನದ ಹೆಸರು ನಿಂದು," ಅಂದ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಜಪಾನವೆಂಬ ದೇಶದ ಹೆಸರನ್ನೇ ಕೇಳಿದವಳಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಖರೇ ಅಂದ್ರಿ ಚಾಚಾ, ಜೋಪಾನದ ಹೆಸರೇ ಅದು. ಅತ್ತಿ ಸಾಕು ಅಂದ್ರು. ನಾ ಮಾತ್ರ, ಈಕಿನ್ನ ಸಾಕ್ತೀನಿ ಅಂತ ಕರದೀನಿ." ಎಲ್ಲರೆದುರಿಗೆ, ಅಜ್ಜಿಯ ಎದುರಿಗೂ! ಅಂದಿನವರೆಗೆ ಅತ್ತೆಯ ಮುಂದೆ ತಲೆ ಎತ್ತಿದವಳಲ್ಲ ನನ್ನವ್ವ. ಅಜ್ಜಿ ಎಲೆಯಡಿಕೆ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಚಾಚಾ ತಪ್ಪು ತಿದ್ದಲಿಲ್ಲ. ಗೊಂಬೆಯನ್ನು ನನ್ನ ಉಡಿಗೆ ಹಾಕಿ, "ಜೋಪಾನ, ಬೇಟಿ" ಅಂದ. ಆ ಪುಣ್ಯಾತ್ಮನ ಋಣ ನನ್ನ ಮೇಲಿದೆ. ಅಂದಿನಿಂದ ಯಾರು ಕೇಳಿದರೂ ಗಟ್ಟಿಯಾಗಿ ಹೆಸರು ಹೇಳಿದೆ.

ಗೊಂಬೆ ಎಂದೋ ಜಜ್ಜಿಹೋಯಿತು. ಆ ಪಡಸಾಲೆ, ಆ ಒಲೆ ಯಾವುದೂ ಈಗಿಲ್ಲ. ಕೊನೆಗಾಲಕ್ಕೆ ಅವ್ವನನ್ನು ನಿಲಂಗಾದ ನನ್ನ ಮನೆಗೆ ಕರೆತಂದೆ. ಸಾಕುವ ಪಾಳಿ ನನ್ನದಾಗಿತ್ತು, ಅದು ನನ್ನ ಭಾಗ್ಯ. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚೆ ಇಳಿಯಿತು. ಮೂರನೆಯದಕ್ಕೆ ನನ್ನ ಕೈ ಹಿಡಿದು, "ಸಾಕವ್ವಾ" ಅಂದಳು. ಅದೇ ಅವಳ ಕೊನೆಯ ಮಾತು. ಗಂಜಿ ಸಾಕು ಅಂದಳೋ, ನನ್ನನ್ನು ಕರೆದಳೋ, ಇಂದಿಗೂ ತಿಳಿಯದು.

ನಾನಂತೂ "ಓ" ಅಂದೆ.