ಪುಣ್ಯ ಕದ್ದರೆ ಯಾವ ಸೆಕ್ಷನ್?

ಕಳೆದ ಮಂಗಳವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಕಳ್ಳತನವಾಯಿತು. ನಾನೇ ಕಣ್ಣಾರೆ ನೋಡಿದೆ. ಕಳ್ಳಿಗೆ ಎಪ್ಪತ್ತರ ಮೇಲೆ ವಯಸ್ಸು. ಒಂದು ಕೈಯಲ್ಲಿ ಕೊಕ್ಕೆ ಕಟ್ಟಿದ ಕೋಲು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಬುಟ್ಟಿ.

ನಮ್ಮ ದಾಸವಾಳದ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಕೊಚ್ಚಿಕೊಂಡಿದ್ದೇನೆ, ನೆನಪಿರಬಹುದು. ಗಿಡಕ್ಕೆ ನೀರು ಹಾಕುವವರು ನಾವು, ಹೂವನ್ನು ದೇವರಿಗೆ ಏರಿಸುವವರು ಬೇರೆ ಯಾರೋ. (ನಿಮ್ಮ ಬೀದಿಯಲ್ಲೂ ಹೀಗೇ ತಾನೆ?) ಬೆಳಕು ಹರಿಯುವಷ್ಟರಲ್ಲಿ ಕಂಪೌಂಡಿನಾಚೆಯಿಂದ ಕೋಲು ಬರುತ್ತದೆ, ಕೊಂಬೆ ಬಗ್ಗುತ್ತದೆ, ಹೂವು ಹೋಗುತ್ತದೆ.

ಈ ಸಲ ಸಿಕ್ಕಿಬಿದ್ದವರು ಹಿಂದಿನ ಬೀದಿಯ ಮುನಿಯಮ್ಮ. ಅಲ್ಲಾಳಸಂದ್ರದ ಹಳೇ ಮನೆತನದವರು. ಅಜ್ಜಿ, ಕೇಳಿದ್ದರೆ ನಾನೇ ಕಿತ್ತು ಕೊಡುತ್ತಿದ್ದೆನಲ್ಲ ಎಂದೆ. ಅವರು ಕೋಲನ್ನು ಕೆಳಗಿಳಿಸಲೂ ಇಲ್ಲ.

"ಕೇಳ್ಬುಟ್ಟು ತಕಂಡ್ರೆ ಪುಣ್ಯವೆಲ್ಲ ನಿಂಗೇ ಓಯ್ತದೆ ಕಣವ್ವ. ಅದ್ಕೇ ಕೇಳಾಕಿಲ್ಲ."

ಇಷ್ಟು ಹೇಳಿ ಇನ್ನೆರಡು ಹೂವು ಬುಟ್ಟಿಗೆ ಹಾಕಿಕೊಂಡು ಹೊರಟರು.

ನಿಮಗೆ ನಗು ಬಂದಿರಬಹುದು. ನನಗೂ ಬಂತು. ಆಮೇಲೆ ಗೇಟಿನ ಹತ್ತಿರವೇ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ತಲೆ ಓಡತೊಡಗಿತ್ತು.

ನೋಡಿ, ಗಿಡದಲ್ಲಿರುವ ಹೂವನ್ನು ಕದಿಯಲಾಗುವುದಿಲ್ಲ. ಕಿತ್ತ ಕ್ಷಣದಿಂದ ಮಾತ್ರ ಅದು ಕದಿಯಬಹುದಾದ ವಸ್ತು. ಒಪ್ಪಿಗೆಯಿಲ್ಲದೆ ಕಿತ್ತರು, ಸರಿ. ಆದರೆ ಕೈ ತಪ್ಪು ಮಾಡಿದರಷ್ಟೇ ಸಾಲದು, ಮನಸ್ಸೂ ಕೆಟ್ಟಿರಬೇಕು. ತನಗೆ ಸಲ್ಲದ ಲಾಭದ ಮೇಲೆ ಕಣ್ಣಿರಬೇಕು. ಮುನಿಯಮ್ಮನವರ ಕಣ್ಣಿದ್ದದ್ದು ನನಗೆ ಬರಬೇಕಾದ ಪುಣ್ಯದ ಮೇಲೆ. ಪುಣ್ಯ ಲಾಭವೇ? ಕಾನೂನು ಅದನ್ನು ಸ್ವತ್ತು ಎಂದು ಒಪ್ಪುತ್ತದೆಯೇ?

ಇದೆಲ್ಲ ಮದುವೆಗೆ ಮುಂಚೆ ಕಲಿತದ್ದು. ಹದಿನೈದು ವರ್ಷದ ಹಿಂದೆ, ಎಪ್ಪತ್ತರ ದಶಕದ ನಡುವೆ, ನಾನು ಯಶವಂತಪುರದ ಫ್ಯಾಕ್ಟರಿಯೊಂದರಲ್ಲಿ ಟೈಪಿಸ್ಟ್. ಸೈರನ್ ಆದ ಕೂಡಲೇ ಬಸ್ ಹಿಡಿದು ಸಂಜೆಯ ಲಾ ಕಾಲೇಜಿಗೆ ಓಟ. ಅಪರಾಧ ಕಾನೂನಿನ ತತ್ವಗಳನ್ನು ಕಲಿಸುತ್ತಿದ್ದ ಮೇಷ್ಟ್ರು ಉತ್ತರವನ್ನೇ ಹೇಳುತ್ತಿರಲಿಲ್ಲ. ಒಬ್ಬ ಪಕ್ಕದವನ ಕೊಡೆ ಎತ್ತಿಕೊಂಡು ಹೋದ, ಕಳ್ಳನೋ ಅಲ್ಲವೋ? ನಾವು ಕಳ್ಳ ಎಂದರೆ ಅವರು, ಪಾಪ ತನ್ನದೇ ಕೊಡೆ ಅಂದುಕೊಂಡಿದ್ದ, ಈಗ? ಹಾಗಾದರೆ ಅಲ್ಲ ಎಂದರೆ, ದಾರಿಯಲ್ಲಿ ಗೊತ್ತಾಯಿತು, ಆದರೂ ಇಟ್ಟುಕೊಂಡ, ಈಗ?

ಹಿಂದಿನ ಬೆಂಚಿನಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್ ಕೂರುತ್ತಿದ್ದರು. ಡ್ಯೂಟಿ ಮುಗಿಸಿ ನೇರ ಕ್ಲಾಸಿಗೆ ಬರುವರು, ಟೋಪಿ ತೊಡೆಯ ಮೇಲೆ. ಯಾವ ಕೇಸಿಗೂ ಅವರದು ಒಂದೇ ಮಾತು: "ಮೊದ್ಲು ಒಳಗ್ ಹಾಕೋಣ ಸಾರ್, ಮನಸ್ಸಲ್ಲಿ ಏನಿತ್ತು ಅಂತ ಆಮೇಲೆ ವಿಚಾರಿಸ್ಕೋಬೋದು." ಇಡೀ ಕ್ಲಾಸು ಅವರ ಮೇಲೆ ಬೀಳುತ್ತಿತ್ತು, ಎಲ್ಲರಿಗಿಂತ ಮುಂದೆ ನಾನು. ಬಸ್ ಸ್ಟಾಪಿನವರೆಗೂ ಜಗಳ. ವಾದದ ಭರದಲ್ಲಿ ಬಸ್ಸನ್ನೇ ತಪ್ಪಿಸಿಕೊಂಡದ್ದುಂಟು.

ಒಂದೇ ವರ್ಷ. ಮದುವೆಯಾಗಿ ಯಲಹಂಕಕ್ಕೆ ಬಂದೆ. ಕ್ಲಾಸ್ ಬಿಡುವ ಹೊತ್ತಿಗೆ ಇಷ್ಟು ದೂರಕ್ಕೆ ಬಸ್ಸಿನ ಭರವಸೆ ಇರಲಿಲ್ಲ. ಮುಂದಿನ ವರ್ಷ ನೋಡೋಣ ಎಂದರು ಎಲ್ಲರೂ. ಯಾರೂ ಕೆಟ್ಟವರಲ್ಲ. ಮುಂದಿನ ವರ್ಷ ಮಗಳು ಹುಟ್ಟಿದಳು.

ಕರಿ ಕೋಟಿನ ಆಸೆ ಯಾವಾಗಲೋ ಹೋಯಿತು. ಆ ಸಂಜೆಗಳ ಆಸೆ ಮಾತ್ರ ಹೋಗಲೊಲ್ಲದು. ಒಗ್ಗರಣೆ ಹಾಕುವಾಗ, ಬಟ್ಟೆ ಹಿಂಡುವಾಗ, "ಈಗ?" ಎಂದು ಮೇಷ್ಟ್ರು ಹುಬ್ಬೇರಿಸಿದ್ದು ನೆನಪಾಗುತ್ತದೆ. ನಿಜ ಹೇಳುತ್ತೇನೆ, ತವರುಮನೆಗಾಗಿ ಕೂಡ ನಾನು ಇಷ್ಟು ಹಂಬಲಿಸಿದವಳಲ್ಲ.

ಮಂಗಳವಾರ ಇಂಥ ಚೆಂದದ ಕೇಸು ಕೈಗೆ ಸಿಕ್ಕಿದೆ. ಯಾರ ಮುಂದೆ ಬಿಚ್ಚಲಿ? ಶೇವ್ ಮಾಡಿಕೊಳ್ಳುತ್ತಿದ್ದ ಯಜಮಾನರ ಮುಂದೆಯೇ ಬಿಚ್ಚಿದೆ. ಒಪ್ಪಿಗೆಯ ಪ್ರಶ್ನೆ ಎತ್ತಿದೆ, ಪುಣ್ಯದ ಪ್ರಶ್ನೆ ಎತ್ತಿದೆ. ಹೂವು ತಾನೇ, ಬಿಡು ಎಂದರು. (ಇಷ್ಟು ಸಣ್ಣ ನಷ್ಟವನ್ನು ಅಪರಾಧ ಎನ್ನಲಾಗದು ಎಂದು ಕಾನೂನೇ ಹೇಳುತ್ತದೆ. ಗೊತ್ತಿಲ್ಲದೆಯೇ ಒಳ್ಳೇ ಪಾಯಿಂಟ್ ಹಾಕಿದ್ದರು. ಆದರೆ ಅಲ್ಲಿಗೇ ಮುಗಿಸಿ ಮುಖ ತೊಳೆಯಲು ಹೋದರು.)

ಆ ಕಾಲೇಜಿನಲ್ಲಿ ಈಗ ಅಡ್ಮಿಷನ್ ನಡೆಯುತ್ತಿದೆ. ಮತ್ತೆ ಮೊದಲ ವರ್ಷದಿಂದಲೇ ಶುರು ಮಾಡಬೇಕಂತೆ. ಮಾಡಬೇಕೆಂದರೆ ಸಂತೋಷವೇ. ಈಗ ನಮ್ಮ ಕಡೆಗೆ ರಾತ್ರಿಯೂ ಬಸ್ಸುಗಳಿವೆ, ಮಗಳು ತಾನೇ ಬಡಿಸಿಕೊಂಡು ಉಣ್ಣುವಷ್ಟು ದೊಡ್ಡವಳಾಗಿದ್ದಾಳೆ. ಅವತ್ತು ಊಟಕ್ಕೆ ಕೂತಾಗ, ಸೇರಿಕೊಳ್ಳುತ್ತೇನೆ ಎಂದು ಯಜಮಾನರಿಗೆ ಹೇಳಿಯೇಬಿಟ್ಟೆ. ಅವರಿಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು.

"ಮನೇಲಿ ನಿಂಗೆ ಏನ್ ಕಮ್ಮಿ ಆಗಿದೆ ಹೇಳು?"

ನನ್ನ ಜೊತೆ ವಾದ ಮಾಡುವವರು, ಎಂದೆ.

ಅದಕ್ಕೂ ಅವರು ವಾದಿಸಲಿಲ್ಲ.