ಜಬೀನಾ ಮೇಡಮ್ಮಿನ ಖಾಲಿ ಮಷಿನ್

ಜಬೀನಾ ಮೇಡಂ ವಾರಕ್ಕೊಂದು ಸಲ ಲ್ಯಾಪ್‌ಟಾಪ್ ತೊಳೆಯುತ್ತಿದ್ದರು. ನೀರು ಹಾಕಿ ಅಲ್ಲ. ಒಳಗಿದ್ದುದನ್ನೆಲ್ಲ ಒಂದಕ್ಷರ ಬಿಡದೆ ಅಳಿಸಿ, ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಮಾಡಿ, ದುಪಟ್ಟಾದ ತುದಿಯಿಂದ ಮುಚ್ಚಳ ಒರೆಸಿ, ಮಗುವಿಗೆ ಎಣ್ಣೆಸ್ನಾನ ಮುಗಿಸಿದ ತಾಯಿಯ ಹಾಗೆ ಉಸ್ಸೆಂದು ಕೂರುತ್ತಿದ್ದರು. ಪ್ರತಿ ಶುಕ್ರವಾರ ಬೆಳಿಗ್ಗೆ ಇದು ಆಗಲೇಬೇಕು. ಲೋಕವೆಲ್ಲ ಕಂಪ್ಯೂಟರಿಗೆ ಏನು ತುಂಬೋಣ ಎಂದು ಯೋಚಿಸುತ್ತಿದ್ದರೆ ಇವರೊಬ್ಬರು ಏನೂ ಇಲ್ಲದ ಕಂಪ್ಯೂಟರನ್ನು ಮಾತ್ರ ನಂಬುತ್ತಿದ್ದರು.

ನಮ್ಮದು ಮಧುಗಿರಿಯ ಒಂದು ಸಣ್ಣ ಟ್ರಸ್ಟು. ಸುತ್ತಲ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಕಣ್ಣು ಪರೀಕ್ಷೆ ಮಾಡಿ, ಮೂರು ವಾರ ಬಿಟ್ಟು ಹೋಗಿ ಕನ್ನಡಕ ಕೊಡುವುದು ಕೆಲಸ. ಜನರ ಹೆಸರು ಬರೆದುಕೊಂಡ ಫೈಲು ಒಂದು. ಕಣ್ಣಿನ ಮಷಿನ್ ಉಗುಳುವ ಅಂಕಿಗಳ ಫೈಲು ಇನ್ನೊಂದು. ಎರಡನ್ನೂ ಜೋಡಿಸಿ, ಯಾವ ಡಬ್ಬಿಯ ಕನ್ನಡಕ ಯಾವ ಮೂಗಿಗೆ ಎಂದು ಪಟ್ಟಿ ಕೊಡುವ ಪ್ರೋಗ್ರಾಮನ್ನು ಮೇಡಂ ಬರೆದಿದ್ದರು. ನೆಟ್ಟಿಲ್ಲದ ಊರಿನಲ್ಲೂ ಯಾರ ಹಂಗಿಲ್ಲದೆ ಅದು ಓಡಬೇಕು. ಅದಕ್ಕೇ ಕ್ಯಾಂಪಿಗೆ ಒಯ್ಯುವ ಲ್ಯಾಪ್‌ಟಾಪನ್ನು ಮೊದಲು ಖಾಲಿ ಮಾಡಿ, ಅದರಲ್ಲೊಮ್ಮೆ ಓಡಿಸಿ ನೋಡುವುದು. ಸಿರಾದಲ್ಲಿ ಟೈಪಿಂಗ್ ಕಲಿಸುತ್ತಿದ್ದವರು, ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಇದನ್ನೆಲ್ಲ ತಾವೇ ಕುಳಿತು ಕಲಿತವರು. ಟೈಪು ಮಾಡುವಾಗ ಕೀಲಿಗಳನ್ನೂ ನೋಡರು, ಪರದೆಯನ್ನೂ ನೋಡರು. ಎದುರಿಗಿದ್ದವನ ಮುಖ ನೋಡುತ್ತಿದ್ದರು. ಎದುರಿಗಿರುತ್ತಿದ್ದವನು ಸಾಮಾನ್ಯವಾಗಿ ನಾನು, ಮತ್ತು ನನ್ನ ಮುಖದಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಇರುತ್ತಿತ್ತು.

ನಾನೆಂದರೆ ಕೊರಟಗೆರೆಯ ಡಿಪ್ಲೊಮಾ. ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಯಾರದೇ ದನಿಯನ್ನು ಅವರ ಬೆನ್ನ ಹಿಂದೆ ತೆಗೆಯುವುದು. ಸೇರಿದ ಮೂರನೇ ದಿನವೇ ಮೇಡಂ ದನಿ ಹಿಡಿದಿದ್ದೆ. ದುಪಟ್ಟಾದ ಬದಲು ಟವೆಲ್ಲು ಹೊದ್ದು, "ಅರೆ ಬೇಟಾ, ಖಾಲಿ ಮಷಿನ್ ಮ್ಯಾಲೆ ಓಡ್ಸಿ ತೋರ್ಸು" ಎನ್ನುತ್ತಿದ್ದೆ. ವ್ಯಾನ್ ಓಡಿಸುವ, ಕನ್ನಡಕದ ಕಾಲು ಬಗ್ಗಿಸಿ ಕಿವಿಗೆ ಕೂರಿಸುವ ನಮ್ಮ ಗಂಗಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಂದು ದಿನ ಅವನ ನಗು ಇದ್ದಕ್ಕಿದ್ದಂತೆ ಕೆಮ್ಮಾಯಿತು. ತಿರುಗಿದರೆ ಹಿಂದೆ ಮೇಡಂ.

"ಪರವಾಗಿಲ್ಲ," ಎಂದರು. "ಇನ್ನಷ್ಟು ಮೂಗಿಂದ ಬರ್ಬೇಕು. ನಂಗೆ ನೆಗಡಿ ಆದಾಗ ಬಾ, ಕೇಳಿ ಕಲ್ತ್ಕೊ."

ಅಂದಿನಿಂದ ನನ್ನ ಹೆಸರು ಗಿಣಿ.

ಬಿಲ್ಡ್ ಟೂಲ್ ಅಂದರೇನು ಅಂತ ಅವರು ಹೇಳಿಕೊಟ್ಟಿದ್ದು ಮದುವೆ ಅಡುಗೆಯ ಲೆಕ್ಕದಲ್ಲಿ. "ಪ್ರೋಗ್ರಾಮಿಗೆ ಬೇರೆಯೋರು ಮಾಡಿಟ್ಟಿರೋ ಸಾಮಾನು ಬೇಕು ಕಣ್ಲಾ. ಯಾವ ಸಾಮಾನು, ಎಷ್ಟನೇ ನಂಬರಿಂದು ಅಂತ ನೀನೊಂದು ಚೀಟಿ ಬರೀಬೇಕು. ಬಿಲ್ಡ್ ಟೂಲು ನಿನ್ ಬಾವರ್ಚಿ. ಚೀಟಿ ಓದ್ತಾನೆ, ಸಾಮಾನು ತರಿಸ್ತಾನೆ, ಬೇಯಿಸ್ತಾನೆ, ಎಲ್ಲಾ ಒಂದೇ ಡಬ್ಬಿಗೆ ತುಂಬಿ ಮುಚ್ಚಳ ಹಾಕ್ತಾನೆ. ಆ ಡಬ್ಬೀನ ನಿಡುಗಲ್ ಬೆಟ್ಟದ ಮ್ಯಾಲೆ ತೆಗೆದ್ರೂ ಊಟ ರೆಡಿ ಇರ್ಬೇಕು. ಅಲ್ಲೋಗಿ ಉಪ್ಪಿಲ್ಲ ಅಂದ್ರೆ ಉಪ್ಪಿಗೆ ಕೆಳಗಿಳಿಯೋನು ಯಾರು, ನಿಮ್ಮಪ್ಪನಾ?"

ನಾನು ಮೊದಲ ಸಲ ಆ ಚೀಟಿಗೆ ಕೈ ಹಾಕಿದಾಗ ನನ್ನ ಕಂಪ್ಯೂಟರಿನಲ್ಲಿ ಪಟ್ಟಿ ಮುತ್ತು ಪೋಣಿಸಿದ ಹಾಗೆ ಬಂತು. ತೊಳೆದ ಲ್ಯಾಪ್‌ಟಾಪಿನಲ್ಲಿ ಹೆಸರುಗಳೆಲ್ಲ ಪ್ರಶ್ನೆಯ ಚಿಹ್ನೆಗಳಾದವು. ಕನ್ನಡ ಅಕ್ಷರವನ್ನು ಹೇಗೆ ಓದಬೇಕೆಂದು ನಾನು ಅದಕ್ಕೆ ಹೇಳಿಯೇ ಇರಲಿಲ್ಲ. ಮೇಡಂ ಪಟ್ಟಿ ಎತ್ತಿ ಹಿಡಿದು ಹಾಜರಿ ಕರೆದರು: "ಬುಕ್ಕಾಪಟ್ಟಣ. ಒಂದನೇ ನಂಬರ್, ಏನು? ಎರಡನೇ ನಂಬರ್, ಏನೇನು? ಮೂರನೇ ನಂಬರ್, ಏನೇನೇನು? ಗಂಗಣ್ಣ, ಆ ಊರಲ್ಲಿ ಯಾರ್ಗೂ ಹೆಸ್ರೇ ಇಟ್ಟಿಲ್ವಂತೆ, ಪಾಪ!"

"ನನ್ ಮಷಿನ್ನಾಗೆ ಸರಿಯಾಗೈತೆ ಮೇಡಂ," ಎಂದೆ.

"ಅಂಗಾದ್ರೆ ಊರಿನೋರ್ನೆಲ್ಲ ಕರ್ಕೊಂಡ್ಬಂದು ನಿನ್ ಮಷಿನ್ ಮುಂದೆ ಕೂರ್ಸು."

ಅವರು ಕೆಲಸ ಬಿಟ್ಟಿದ್ದು ಕಳೆದ ವರ್ಷ. ಹಿಂದೂಪುರದಲ್ಲಿ ಮಗಳು ಹೊಲಿಗೆ ತರಗತಿ ತೆರೆದಿದ್ದಳು. ನೀನೂ ಬಾ ಎಂದಳು. ಪಾವಗಡದ ಕಡೆಯ ವಳ್ಳೂರಿನದೇ ಅವರ ಕೊನೆಯ ಕ್ಯಾಂಪು, ಶನಿವಾರ. ಮನೆ ಸಾಮಾನು ಕಟ್ಟಲು ಶುಕ್ರವಾರ ರಜೆ ಹಾಕಿದ್ದರಿಂದ ಗುರುವಾರವೇ ಲ್ಯಾಪ್‌ಟಾಪ್ ತೊಳೆದು ನನ್ನ ಕೈಗಿಟ್ಟರು. ಪಟ್ಟಿ ಚೆಂದವಾಗಿ ಅಚ್ಚಾಗಲಿ ಎಂದು ಆ ವಾರ ನಾನು ಚೀಟಿಗೆ ಒಂದು ಹೊಸ ಸಾಮಾನು ಸೇರಿಸಿದ್ದೆ. ಶುಕ್ರವಾರ ಮೇಡಂ ಫೋನು ಬಂತು.

"ಖಾಲಿ ಮಷಿನ್ ಮ್ಯಾಲೆ ಓಡ್ತೇನೋ ಗಿಣಿ?"

"ಕುದುರೆ ಓಡ್ದಂಗೆ ಓಡ್ತು ಮೇಡಂ!"

ಕುದುರೆ ಲಾಯದಿಂದ ಹೊರಗೇ ಬಂದಿರಲಿಲ್ಲ. ನಾನದನ್ನು ಓಡಿಸಿಯೇ ಇರಲಿಲ್ಲ.

ವಳ್ಳೂರಿನ ಶಾಲೆಯ ಜಗುಲಿಯಲ್ಲಿ ನಲವತ್ತೊಂದು ಜನ ಕಾಯುತ್ತಿದ್ದರು. ಪರೀಕ್ಷೆಯ ದಿನ ನಾವು ಕೊಟ್ಟಿದ್ದ ನಂಬರ್ ಚೀಟಿಗಳು ಮೂರು ವಾರದಲ್ಲಿ ಹೊಗೆಸೊಪ್ಪು ಕಟ್ಟಲು ಹೋಗಿದ್ದವು; ಯಾವ ಡಬ್ಬಿ ಯಾರದೆಂದು ತಿಳಿಯಲು ಪಟ್ಟಿಯೊಂದೇ ಗತಿ. ಎಲ್ಲರಿಗಿಂತ ಮುಂದೆ ಕೂತಿದ್ದವಳು ಆ ಶಾಲೆಯಲ್ಲಿ ಅಡುಗೆ ಮಾಡುವ ಓಬಳಮ್ಮ. ಮಡಿಲಲ್ಲಿ ಒಂದು ಮೊರ ಅಕ್ಕಿ.

"ನಾಯನಾ, ಕನ್ನಡ್ಕ ಬೇಗ್ನೆ ಕೊಟ್ಬುಡು," ಎಂದಳು. "ಅನ್ನದಾಗೆ ಕಲ್ಲು ಬಂತು ಅಂತ ಎರಡು ಸಲ ಬೈಸ್ಕೊಂಡಿವ್ನಿ. ಸೋಮವಾರ ಆಫೀಸಿನೋರು ನೋಡೋಕೆ ಬರ್ತಾರಂತೆ. ಇನ್ನೊಂದು ಕಲ್ಲು ಸಿಕ್ತೋ, ನನ್ ಜಾಗಕ್ಕೆ ಬೇರೆಯೋಳು."

ವಳ್ಳೂರಿಗೆ ನಮ್ಮ ವ್ಯಾನು ಮತ್ತೆ ಬರುವುದು ಎರಡು ತಿಂಗಳ ನಂತರ. ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಮ್ ಓಡಿಸಿದೆ. ಬೇಕಾದ ಸಾಮಾನು ಸಿಗಲಿಲ್ಲವೆಂದು ನಾಲ್ಕು ಸಾಲು ಹೇಳಿ ಅದು ಮಲಗಿತು. ಮೇಡಂ ಎಂದಿನಂತೆ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದರು.

"ನಿನ್ನೆ ಓಡ್ತು ಅಂದೆ."

ನನ್ನ ಹತ್ತಿರ ಇಪ್ಪತ್ತು ಜನರ ದನಿಗಳಿದ್ದವು. ಆ ಹೊತ್ತಿಗೆ ಬಾಯಿಗೆ ಬಂದದ್ದು ನನ್ನದೇ, ಇಲಿಯಂಥದ್ದು. "ಇಲ್ಲ ಮೇಡಂ. ಓಡ್ಸಿರ್ಲಿಲ್ಲ."

"ಬೈಗುಳ ಸಿರಾ ದಾರೀಲಿ ಕೊಡ್ತೀನಿ," ಎಂದರು. "ಈಗ ಬ್ಯಾಟ್ರಿ ಇಲ್ಲ."

ನಿಜವಾಗಿಯೂ ಇರಲಿಲ್ಲ, ಹನ್ನೆರಡು ಪರ್ಸೆಂಟು. ಊರ ಸುತ್ತ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಯಾನೆಲ್ಲುಗಳು ಬಿಸಿಲು ಕುಡಿಯುತ್ತಿದ್ದವು, ಶಾಲೆಯಲ್ಲಿ ಮಾತ್ರ ಕರೆಂಟು ಹೋಗಿತ್ತು. ಮೇಡಂ ಪರ್ಸಿನಿಂದ ಒಂದು ಪೆನ್ ಡ್ರೈವ್ ತೆಗೆದರು. ಅದರಲ್ಲಿ ನಮ್ಮ ಇಡೀ ಉಗ್ರಾಣವಿತ್ತು: ಬಿಲ್ಡ್ ಟೂಲು, ಚೀಟಿ, ಗುರುವಾರ ಸಂಜೆಯವರೆಗೆ ನಾನು ತರಿಸಿದ್ದ ಒಂದೊಂದು ಸಾಮಾನು.

"ಕೈ ನಿಂದು, ಬಾಯಿ ನಂದು. ಹೊಡಿ. ಮೊದ್ಲು ಜಾವಾ, ಅದು ಒಲೆ, ಎಲ್ಲೈತೆ ಅಂತ ತೋರ್ಸು. ಆಮ್ಯಾಲೆ ಬಾವರ್ಚಿ ಎಲ್ಲಿ ಕೂತವ್ನೆ ಅಂತ ತೋರ್ಸು. ಸಾಮಾನಿಗೆ ಪ್ಯಾಟೆಗೆ ಓಡ್ಬೇಡ, ಪೆನ್ ಡ್ರೈವಲ್ಲೇ ಹುಡ್ಕು ಅನ್ನು. ಈಗ ಚೀಟಿ ತೆಗಿ. ಆ ಹೊಸ ಸಾಮಾನಿನ ಕೆಳಗೆ ಏನ್ ಬರ್ದಿದ್ದೀಯ?"

ಬರೆದಿರಲಿಲ್ಲ, ಯಾರೋ ನೆಟ್ಟಿನಲ್ಲಿ ಹಾಕಿದ್ದನ್ನು ಹಾಗೇ ಎತ್ತಿ ಅಂಟಿಸಿದ್ದೆ. 'ಇದು ಹೋದಲ್ಲೇ ಸಿಗುತ್ತದೆ, ಡಬ್ಬಿಗೆ ತುಂಬಬೇಡ' ಎಂಬ ಅರ್ಥದ ಸಾಲೊಂದು ಅದರ ಜೊತೆಗೇ ಬಂದಿತ್ತು.

"ವಳ್ಳೂರಲ್ಲಿ ಸಿಗ್ತದಾ?"

"ಇಲ್ಲ ಮೇಡಂ."

"ಅಳ್ಸು."

ಅಷ್ಟರಲ್ಲಿ ಜನ ಏಳತೊಡಗಿದ್ದರು. ಪಟ್ಟಿಯೇ ಬೇಡವೆಂದು ಗಂಗಣ್ಣ ಒಬ್ಬ ತಾತನ ಮೂಗಿಗೆ ಕೈಗೆ ಸಿಕ್ಕ ಕನ್ನಡಕ ಏರಿಸಿದ್ದ. ತಾತ ಹೊರಗೆ ನೋಡಿ, "ಅಯ್ಯೋ ದೇವುಡಾ, ಪ್ಯಾನೆಲ್ಲು ಮೈಮ್ಯಾಲೆ ಬರ್ತಾವೆ!" ಎಂದು ಕಂಬ ತಬ್ಬಿಕೊಂಡ.

"ನಿನ್ ಬಾಯಿ ಖಾಲಿ ಐತಲ್ಲ," ಎಂದರು ಮೇಡಂ. "ಒಬ್ರೂ ಎದ್ದೋಗ್ಬಾರ್ದು."

ಬೆರಳಲ್ಲಿ ಟೈಪು ಮಾಡುತ್ತ ಬಾಯಲ್ಲಿ ಗಂಗಣ್ಣನಾದೆ, ಏರು ಹತ್ತಲಾರದ ನಮ್ಮ ವ್ಯಾನಾದೆ, ಕೊನೆಗೆ ಮೇಡಮ್ಮೇ ಆಗಿ ನನ್ನನ್ನೇ ಉಗಿದೆ. ಜಗುಲಿ ನಗುತ್ತ ಮತ್ತೆ ಕೂತಿತು. ಪರದೆಯಲ್ಲಿ ಬಾವರ್ಚಿ ಒಂದೊಂದೇ ಸಾಮಾನು ಎಣಿಸುತ್ತಿದ್ದ. ಒಂಬತ್ತು ಪರ್ಸೆಂಟು. ಎಂಟು. ಡಬ್ಬಿ ಮುಚ್ಚಿದ. ಓಡಿಸಿದೆ. ಪಟ್ಟಿ ಬಂತು! ಚೆಂದವಾಗಿ ಅಚ್ಚಾಗಲೆಂದು ಇಷ್ಟೆಲ್ಲ ಮಾಡಿದರೆ ಪ್ರಿಂಟರಿಗೂ ಕರೆಂಟಿಲ್ಲ. ನಾನು ಪರದೆ ನೋಡಿ ಹರಾಜಿನವನ ವೇಗದಲ್ಲಿ ಕೂಗಿದೆ, ಮೇಡಂ ಡಬ್ಬಿ ಆರಿಸಿದರು, ಗಂಗಣ್ಣ ಕಿವಿಗೆ ಕೂರಿಸಿದ. ನಲವತ್ತೊಂದನೇ ಹೆಸರು ಕೂಗಿ ಉಸಿರು ಬಿಡುವಷ್ಟರಲ್ಲಿ ಲ್ಯಾಪ್‌ಟಾಪ್ ಕಪ್ಪಾಯಿತು.

ಓಬಳಮ್ಮ ಕನ್ನಡಕ ಹಾಕಿಕೊಂಡು ಮೇಡಂ ಮುಖವನ್ನೇ ದಿಟ್ಟಿಸಿದಳು. "ಅಲ್ಲ ಕಣಮ್ಮ, ನೀನು ಇಷ್ಟು ವಯಸ್ಸಾದೋಳಾ? ದನಿ ಕೇಳಿ ಹುಡ್ಗಿ ಅನ್ಕೊಂಡಿದ್ನಲ್ಲ!" ಮೇಡಂ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಓಬಳಮ್ಮ ಮೊರ ಎಳೆದುಕೊಂಡು, ಬೆರಳಾಡಿಸಿ, ಒಂದು ಕಲ್ಲನ್ನು ಚಿವುಟಿ ಹಿಡಿದು ಬಿಸಿಲಿಗೆ ಎತ್ತಿದಳು. "ಸಿಕ್ದೇನೋ ನನ್ ಮಗನೇ!"

ಬೈಗುಳ ಪಾವಗಡ ದಾಟಿದ ಮೇಲೆ ಶುರುವಾಗಿ ಸಿರಾ ಬರುವವರೆಗೂ ನಡೆಯಿತು; ಅರ್ಧ ಉರ್ದುವಿನಲ್ಲಿದ್ದದ್ದರಿಂದ ನನಗೆ ಅರ್ಧ ಲಾಭ. ಸಿರಾದ ತಮ್ಮ ಮನೆಯ ಗಲ್ಲಿಯ ಮುಂದೆ ಇಳಿದು ಮೇಡಂ ಕಿಟಕಿಗೆ ಬಾಗಿ, "ಸೋಮವಾರ ಮೊದ್ಲು ಚೀಟೀಲಿ ಆ ಜಾಗದಲ್ಲಿ, ಸಾಲು ಯಾಕೆ ಅಳ್ಸಿದ್ದು ಅಂತ ಕಾರಣ ಬರಿ," ಎಂದರು. "ಇಲ್ದಿದ್ರೆ ನಿನ್ನಂತ ಇನ್ನೊಂದು ಗಿಣಿ ಬಂದು ಅದೇ ಸಾಲು ತಂದು ಅಂಟಿಸ್ತದೆ." ತಿರುಗಿ ನೋಡದೆ ಗಲ್ಲಿಯೊಳಗೆ ಹೋದರು. ಅದೇ ಕೊನೆ, ಆಮೇಲೆ ಅವರನ್ನು ನಾನು ಕಂಡಿಲ್ಲ.

ಸೋಮವಾರ ಬರೆದೆ. ಬಿಲ್ಡ್ ಟೂಲ್ ಓದದೆ ದಾಟಿಹೋಗುವ, ಮನುಷ್ಯರಿಗಷ್ಟೇ ಇರುವ ಟಿಪ್ಪಣಿ ಅದು: 'ಎಲ್ಲ ಸಾಮಾನನ್ನೂ ಡಬ್ಬಿಗೆ ತುಂಬುವುದು. ತುಂಬದಿದ್ದರೆ ವಳ್ಳೂರಿನ ಓಬಳಮ್ಮ ಬಂದು ಒದೆಯುತ್ತಾಳೆ.' ಫೋಟೊ ತೆಗೆದು ಹಿಂದೂಪುರಕ್ಕೆ ಕಳಿಸಿದೆ. ಸಂಜೆ ಉತ್ತರ ಬಂತು: "ಓಬಳಮ್ಮ ಅಲ್ಲ. ನಾನು ಬಂದು ಒದೀತೀನಿ. ತಿದ್ದು."

ಇನ್ನೂ ತಿದ್ದಿಲ್ಲ. ತಿದ್ದಿಬಿಟ್ಟರೆ ಅವರು ನೆಮ್ಮದಿಯಾಗಿ ಅಲ್ಲೇ ಉಳಿದುಬಿಡುತ್ತಾರೆ. ತಿದ್ದಲಿಲ್ಲವೆಂದು ಒದೆಯುವುದಕ್ಕಾದರೂ ಒಂದು ಸಲ ಮಧುಗಿರಿಗೆ ಬರಬೇಕಲ್ಲ.